ಕಾರಿನ ಹಿಂಭಾಗವನ್ನು ಬರಿದು ಮಾಡುವ ಮೊದಲು ಇದನ್ನು ಓದಿ

ಕಾರು ಹಗುರವಾಗಲಿ ಎಂದು ಹಿಂದಿನ ಸೀಟು, ಸ್ಟೆಪ್ನಿ, ಕಾರ್ಪೆಟ್ ಬಿಚ್ಚಲು ಸ್ಪ್ಯಾನರ್ ಹಿಡಿದು ನಿಂತಿರುವವರು ದಯವಿಟ್ಟು ಒಂದು ದಿನ ತಡೆಯಿರಿ. ನಾನು ಅದನ್ನೇ ಮಾಡಿದೆ. ಪೆಟ್ಟು ಬಿದ್ದದ್ದು ನನ್ನ ತಮ್ಮನಿಗೆ.

ನನ್ನದು ಎಂಜಿನ್ ಮುಂದಿರುವ, ಮುಂದಿನ ಚಕ್ರಗಳೇ ಎಳೆಯುವ ಹಳೆಯ ಹ್ಯಾಚ್‌ಬ್ಯಾಕ್. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, 75 ಅಶ್ವಶಕ್ತಿ, 890 ಕಿಲೋ ತೂಕ. ಎಂಜಿನ್ನಿಗೆ ಕೈ ಹಚ್ಚದೆ ಕಾರನ್ನು ಚುರುಕು ಮಾಡುವ ದಾರಿ ತೂಕ ಇಳಿಸುವುದು ಎಂದು ಎಲ್ಲೆಡೆ ಓದಿದ್ದೆ, ಆ ಮಾತು ಸುಳ್ಳೂ ಅಲ್ಲ. ಬಿಚ್ಚಿದ್ದನ್ನೆಲ್ಲ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಹಿಂದಿನ ಸೀಟು 21 ಕಿಲೋ, ಸ್ಟೆಪ್ನಿ ಮತ್ತು ಜಾಕ್ 17, ಹಿಂಭಾಗದ ಒಳಹೊದಿಕೆಗಳು 7, ಹಿಂದಿನ ಬಂಪರಿನ ಒಳಗಿದ್ದ ಉಕ್ಕಿನ ಅಡ್ಡಪಟ್ಟಿ 6. ಕಾರ್ಪೆಟ್ ಕಿತ್ತ ಮೇಲೆ ತಳದ ತಗಡಿಗೆ ಅಂಟಿದ್ದ ಸದ್ದು ತಡೆಯುವ ಡಾಂಬರು ಹಾಳೆಗಳು ಕಂಡವು. ದಪ್ಪ ಕೈಗವಸು ಹಾಕಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಅವುಗಳ ಮೇಲೆ ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ಹರಡಿದೆ. ಹತ್ತು ನಿಮಿಷಕ್ಕೆ ಹಾಳೆ ಗಾಜಿನಂತೆ ಬಿರುಸಾಗಿ, ಸುತ್ತಿಗೆಯ ಒಂದೇ ಏಟಿಗೆ ಚಟಚಟನೆ ಒಡೆದು ಮೇಲೇಳುತ್ತಿತ್ತು. ಕಾರ್ಪೆಟ್ ಸೇರಿ ಅದು 19 ಕಿಲೋ. ಒಟ್ಟು 70.

ಟನ್ನಿಗೆ 84 ಅಶ್ವಶಕ್ತಿ ಇದ್ದದ್ದು 91 ಆಯಿತು. ಎರಡನೇ ಗೇರಿನಲ್ಲಿ ಕಾರು ಮುಂದಕ್ಕೆ ನುಗ್ಗುವುದು ಬೆನ್ನಿಗೇ ತಿಳಿಯುತ್ತಿತ್ತು. ಆ ಖುಷಿಯಲ್ಲಿ ಉಳಿದದ್ದನ್ನು ನಾನು ನೋಡಲೇ ಇಲ್ಲ. ಹಿಂದಿನ ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ಹಿಡಿಯುವ ಜಾಗದಲ್ಲಿ ಈಗ ಮೂರು ಹಿಡಿಯುತ್ತಿದ್ದವು. ರಸ್ತೆಯ ಸಣ್ಣ ಏರಿಳಿತಕ್ಕೂ ಹಿಂಭಾಗ ಕುಪ್ಪಳಿಸುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ತಮ್ಮ ಒಂದು ದಿನ, "ಅಕ್ಕಾ, ಹಿಂದುಗಡೆ ತೇಲಿದ ಹಾಗೆ ಆಗುತ್ತಿದೆ" ಎಂದ. ಹಗುರವಾದ ಕಾರು ಹಾಗೆಯೇ ಇರುತ್ತದೆ ಎಂದು ಅವನ ಬಾಯಿ ಮುಚ್ಚಿಸಿದೆ.

ಮುಂದಿನ ವಾರ ಇಳಿಜಾರಿನ ಒಂದು ತಿರುವು. ಒಣ ರಸ್ತೆ, ಮಳೆಯ ನೆಪವೂ ಇಲ್ಲ. ಮುಂದೆ ಹೋಗುತ್ತಿದ್ದ ವಾಹನ ತಟ್ಟನೆ ನಿಂತಿತು, ನಾನು ಬಲವಾಗಿ ಬ್ರೇಕ್ ಒತ್ತಿದೆ. ಸ್ಟಿಯರಿಂಗ್ ತಿರುಗಿಸದಿದ್ದರೂ ಕಿಟಕಿಯ ಆಚೆಗಿನ ಮರಗಳು ಅಡ್ಡಕ್ಕೆ ಸರಿಯತೊಡಗಿದವು. ಕಾರಿನ ಬಾಲ ಸುತ್ತಿಕೊಂಡು ಬಂದು ರಸ್ತೆ ಬದಿಯ ತಡೆಗೋಡೆಗೆ ಬಡಿಯಿತು. ಅಡ್ಡಪಟ್ಟಿ ಇಲ್ಲದ ಬಂಪರು ಒಳನುಗ್ಗಿ, ಡಿಕ್ಕಿಯ ತಳ ಕಾಗದದಂತೆ ಮಡಿಚಿಕೊಂಡಿತು. ತಮ್ಮನ ಹೆಗಲಿನ ಮೂಳೆ ಮುರಿಯಿತು.

ಕಾರಣ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು, ನಾನು ಒಟ್ಟು ತೂಕವನ್ನಷ್ಟೇ ಕೂಡಿಸಿದ್ದೆ, ಯಾವ ಚಕ್ರಗಳ ಮೇಲಿಂದ ಎಷ್ಟು ಹೋಯಿತೆಂದು ನೋಡಿರಲಿಲ್ಲ. ಮೊದಲು ಮುಂದಿನ ಚಕ್ರಗಳ ಮೇಲೆ 540 ಕಿಲೋ, ಹಿಂದಿನವುಗಳ ಮೇಲೆ 350 ಇತ್ತು. ಬಿಚ್ಚಿದ ಮೇಲೆ ಮುಂದೆ 532, ಹಿಂದೆ 288. ಅಂದರೆ 70ರಲ್ಲಿ 62 ಕಿಲೋ ಹೋದದ್ದು ಮೊದಲೇ ಹಗುರವಾಗಿದ್ದ ಕಡೆಯಿಂದ. ಸ್ಟೆಪ್ನಿಯಂಥ ವಸ್ತು ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ಅದು ಏತದ ತುದಿಯ ಭಾರದಂತೆ ಕೆಲಸ ಮಾಡುತ್ತದೆ. ಅದನ್ನು ತೆಗೆದರೆ ಹಿಂದಿನ ಚಕ್ರಗಳು ಕಳೆದುಕೊಳ್ಳುವುದು ಅದರ ತೂಕಕ್ಕಿಂತ ಹೆಚ್ಚು.

ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಒಣ ರಸ್ತೆಯಲ್ಲಿ ಟೈರಿಗೆ ಹಿಡಿತ ಹೆಚ್ಚು, ಹಾಗಾಗಿ ವಾಲುವುದೂ ಹೆಚ್ಚು. ಇಳಿಜಾರು ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ಕಾರ್ಖಾನೆಯವರು ಲೆಕ್ಕ ಹಾಕಿದ್ದು 350 ಕಿಲೋ ಇರುವ ಹಿಂಭಾಗಕ್ಕೆ. ಅಲ್ಲಿ 288 ಉಳಿದರೂ ಒತ್ತಡ ಅಷ್ಟೇ ಹೋಗುತ್ತದೆ, ಮುಂಚಕ್ರಗಳಿಗಿಂತ ಮೊದಲು ಹಿಂಚಕ್ರಗಳು ಜಾಮ್ ಆಗುತ್ತವೆ. ಜಾಮ್ ಆದ ಚಕ್ರ ಪಕ್ಕಕ್ಕೆ ಜಾರುವುದನ್ನು ತಡೆಯಲಾರದು. ಹಿಂದಿನ ಸ್ಪ್ರಿಂಗುಗಳೂ ಹಳೆಯ ಭಾರಕ್ಕೆ ಹೊಂದಿದ್ದವು, ಹೊಸ ತೂಕಕ್ಕೆ ಅವು ತೀರಾ ಬಿರುಸು. ತಮ್ಮ ಹೇಳಿದ ತೇಲಾಟ ಅದೇ.

ಇನ್ನೊಂದು ಮಾತು ನನ್ನನ್ನು ಇಂದಿಗೂ ಬಿಡುವುದಿಲ್ಲ. ತಮ್ಮನ ತೂಕ 70 ಕಿಲೋ. ಆ ದಿನ ಅವನು ಪಕ್ಕದಲ್ಲಿ ಕುಳಿತಾಗ ನಾನು ತಿಂಗಳುಗಟ್ಟಲೆ ಇಳಿಸಿದ ತೂಕವೆಲ್ಲ ಕಾರಿಗೆ ಮರಳಿ ಬಂದಿತ್ತು. ನಾನೊಬ್ಬಳೇ ಓಡಿಸುತ್ತಿದ್ದ ಹಳೆಯ ಕಾರಿಗೆ ಹೋಲಿಸಿದರೆ ವೇಗದ ಲಾಭ ಸೊನ್ನೆ, ಬರಿದಾದ ಹಿಂಭಾಗ ಮಾತ್ರ ಉಳಿದಿತ್ತು.

ಬಲ್ಲವರು ಇದನ್ನು ಬೇರೆ ರೀತಿ ಮಾಡುತ್ತಾರೆ. 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7ನ ಹಗುರ ಆವೃತ್ತಿ ಸುಮಾರು 960 ಕಿಲೋ ಇತ್ತು. ತಗಡು ತೆಳ್ಳಗೆ, ಗಾಜು ತೆಳ್ಳಗೆ, ಹಿಂದಿನ ಸೀಟೂ ಇಲ್ಲ. ಆದರೆ ಅಷ್ಟಕ್ಕೇ ಬಿಡದೆ ಹಿಂದಿನ ಚಕ್ರಗಳನ್ನು ಅಗಲ ಮಾಡಿದರು, ಸಸ್ಪೆನ್ಷನ್ ಬದಲಿಸಿದರು, ವೇಗದಲ್ಲಿ ಬಾಲ ಮೇಲೇಳದಿರಲೆಂದು ಸ್ಪಾಯ್ಲರ್ ಕೊಟ್ಟರು. 1996ರಲ್ಲಿ ಬಂದ ಲೋಟಸ್ ಎಲೀಸ್ ಸುಮಾರು 725 ಕಿಲೋ. ಅದರ ಅಲ್ಯೂಮಿನಿಯಂ ಚಾಸಿಯನ್ನು, ಅಂದರೆ ಕಾರನ್ನು ಹೊರುವ ಚೌಕಟ್ಟನ್ನು, ಅಂಟಿನಿಂದ ಬೆಸೆದು, ನಕ್ಷೆಯ ಹಂತದಲ್ಲೇ ಹಗುರವಾಗಿ ರೂಪಿಸಿದ್ದರು.

ತೂಕ ಇಳಿಸಲೇಬೇಕೆಂದಿದ್ದರೆ ಮೊದಲು ನಾಲ್ಕೂ ಚಕ್ರಗಳ ಕೆಳಗೆ ತಕ್ಕಡಿ ಇಟ್ಟು, ಚಾಲಕ ಒಳಗೆ ಕುಳಿತು, ಒಂದೊಂದರ ಮೇಲಿನ ಭಾರ ಬರೆದುಕೊಳ್ಳಿ. ಪ್ರತಿ ವಸ್ತು ತೆಗೆದ ಮೇಲೂ ಅಷ್ಟೇ ಇಂಧನ ಇಟ್ಟು ಮತ್ತೆ ತೂಗಿ. ಮುಂದೆ ಎಂಜಿನ್ ಇರುವ ಕಾರಿನಲ್ಲಿ ಮುಂದಿನಿಂದ ಇಳಿಸಿದ ಒಂದು ಕಿಲೋ ಹಿಂದಿನ ಮೂರು ಕಿಲೋಗಿಂತ ಮೇಲು ಎನ್ನುವುದು ನನ್ನ ಅಭಿಪ್ರಾಯ. ಹಗುರವಾದ ಚಕ್ರಗಳು ನಿಜಕ್ಕೂ ಒಳ್ಳೆಯವು, ಆದರೆ ಎಷ್ಟು ಭಾರ ತಡೆಯುತ್ತವೆ ಎಂಬುದು ಅವುಗಳ ಮೇಲೆ ಅಚ್ಚಾಗಿರದಿದ್ದರೆ ಕೊಳ್ಳಬೇಡಿ. ಹಿಂಭಾಗ ಹಗುರವಾದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬ್ರೇಕಿನ ಹಂಚಿಕೆ ಮೂರನ್ನೂ ತಿಳಿದವರ ಕೈಯಲ್ಲಿ ಸರಿಪಡಿಸಿದ ಮೇಲೆಯೇ ರಸ್ತೆಗಿಳಿಸಿ.

ಮುಂದಿನ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಸುವ ಸಾಧನದ್ದು; ಅದರ ತಂಟೆಗೆ ಹೋಗಬೇಡಿ. ಬಾಗಿಲಿನ ಒಳಗಿನ ಕಂಬಿ, ಬಂಪರಿನ ಅಡ್ಡಪಟ್ಟಿ ಇವುಗಳನ್ನು ಮುಟ್ಟಲೇಬೇಡಿ. ಈಗಾಗಲೇ ಬಿಚ್ಚಿಟ್ಟಿದ್ದರೆ ಇವತ್ತೇ ಮತ್ತೆ ಹಾಕಿ, ಹಾಕುವವರೆಗೆ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ.