ಪ್ರಯಾಣಕ್ಕೆ ಯಾವ ಬಟ್ಟೆ ಡೈಪರ್? ಹಳೆಯ ಪಂಚೆ, ಪಾಕೆಟ್, ಆಲ್-ಇನ್-ಒನ್

ಮನೆಯಲ್ಲಿರುವಾಗ ಎಲ್ಲ ಬಟ್ಟೆ ಡೈಪರ್‌ಗಳೂ ಒಳ್ಳೆಯವೇ ಅನ್ನಿಸುತ್ತವೆ. ಮೈಸೂರಿನಲ್ಲಿ ವರ್ಷದ ಬಹುಪಾಲು ತಾರಸಿಯ ಮೇಲೆ ಬಿಸಿಲು ಬೀಳುತ್ತದೆ, ಒಗೆಯುವ ಕಲ್ಲಿನ ಪಕ್ಕದಲ್ಲೇ ನಲ್ಲಿ ಇರುತ್ತದೆ, ಒಂದು ಒಣಗದಿದ್ದರೆ ಬೀರುವಿನಲ್ಲಿ ಇನ್ನೊಂದು ಇರುತ್ತದೆ. ಮಗುವನ್ನು ಎತ್ತಿಕೊಂಡು ಊರು ಬಿಟ್ಟು ಹೊರಟಾಗಲೇ ಅವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವುದು. ಮಂಡ್ಯ ಜಿಲ್ಲೆಯಲ್ಲಿರುವ ಅತ್ತೆಯವರ ಊರಿಗೆ, ಮಳೆಗಾಲದಲ್ಲಿ ಮಡಿಕೇರಿಗೆ, ರಾತ್ರಿ ರೈಲಿನಲ್ಲಿ ಧಾರವಾಡಕ್ಕೆ, ವೈರಮುಡಿ ಉತ್ಸವದ ಜನಸಂದಣಿಯ ನಡುವೆ ಮೇಲುಕೋಟೆಗೆ ಹೀಗೆ ಬೇರೆ ಬೇರೆ ಬಗೆಯ ಪ್ರಯಾಣಗಳಲ್ಲಿ ಮೂರು ತರಹದ ಬಟ್ಟೆ ಡೈಪರ್‌ಗಳನ್ನೂ, ಅವುಗಳ ಜೊತೆಗೆ ಬಳಸಿ ಬಿಸಾಡುವ ಡೈಪರನ್ನೂ ಬಳಸಿ ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಪ್ರಯಾಣದಲ್ಲಿ ಡೈಪರ್ ಎಷ್ಟು ಹೀರುತ್ತದೆ ಎನ್ನುವುದಕ್ಕಿಂತ, ಒಗೆದ ಮೇಲೆ ಎಷ್ಟು ಬೇಗ ಒಣಗುತ್ತದೆ ಎನ್ನುವುದೇ ಮುಖ್ಯ.

ಅಂಗಡಿಯಲ್ಲಿ ಕೇಳಿದರೆ ಮೊದಲು ತೋರಿಸುವುದು ಪಾಕೆಟ್ ಡೈಪರ್. ಇದರ ಹೊರಮೈ ಪಿಯುಎಲ್ ಎಂಬ, ಪಾಲಿಯುರೆಥೇನ್ ಲೇಪವಿರುವ ನೀರು ಸೋರದ ಬಟ್ಟೆ. ಮಗುವಿನ ಚರ್ಮಕ್ಕೆ ತಾಗುವ ಒಳಮೈ ಮೆತ್ತನೆಯ ಪಾಲಿಯೆಸ್ಟರ್. ಇವೆರಡರ ನಡುವಿನ ಜೇಬಿಗೆ ಇನ್ಸರ್ಟ್ ಎನ್ನುವ ದಪ್ಪ ಪಟ್ಟಿಯನ್ನು ತುರುಕಬೇಕು. ಟಿಚ್ ಬಟನ್‌ಗಳನ್ನು ಹಿಂದೆ ಮುಂದೆ ಹಾಕಿ ಅಳತೆಯನ್ನು ಬದಲಿಸಿಕೊಳ್ಳಬಹುದಾದ್ದರಿಂದ ಮಗು ಬೆಳೆದರೂ ಅದೇ ಡೈಪರ್ ನಡೆಯುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಇನ್ಸರ್ಟ್ ತುಂಬಿಟ್ಟುಕೊಂಡರೆ ರೈಲಿನ ಸೀಟಿನ ಮೇಲೆ, ಯಾರದೋ ಮನೆಯ ಜಗಲಿಯ ಮೇಲೆ, ಎಲ್ಲಿ ಬೇಕಾದರೂ ಅರ್ಧ ನಿಮಿಷದಲ್ಲಿ ಬದಲಾಯಿಸಬಹುದು. ಮಗುವಿನ ತಂದೆ, ಅಜ್ಜಿ, ಚಿಕ್ಕಮ್ಮ ಯಾರೇ ಆದರೂ ಹೇಳಿಕೊಡದೆಯೇ ಹಾಕಬಲ್ಲರು. ಈ ಸಲೀಸನ್ನು ನಾನು ಹಗುರವಾಗಿ ಎಣಿಸುವುದಿಲ್ಲ, ಏಕೆಂದರೆ ಪ್ರಯಾಣದಲ್ಲಿ ಮಗು ಒಬ್ಬರ ಕೈಯಲ್ಲೇ ಇರುವುದಿಲ್ಲ.

ತೊಂದರೆ ಇರುವುದು ಇನ್ಸರ್ಟ್‌ನಲ್ಲಿ. ಕಡಿಮೆ ಬೆಲೆಯ ಪಾಕೆಟ್ ಡೈಪರ್‌ಗಳ ಜೊತೆ ಸಾಮಾನ್ಯವಾಗಿ ಮೈಕ್ರೋಫೈಬರ್ ಎಂಬ ನವಿರಾದ ಕೃತಕ ನೂಲಿನ ಇನ್ಸರ್ಟ್ ಬರುತ್ತದೆ. ಅದು ನೀರನ್ನು ಥಟ್ಟನೆ ಎಳೆದುಕೊಳ್ಳುತ್ತದೆ, ಆದರೆ ನೂಲಿನ ಒಳಗೆ ಹೀರಿಕೊಳ್ಳದೆ ಎಳೆಗಳ ನಡುವಿನ ಸಂದುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಒತ್ತಡ ಬಿದ್ದರೆ ನೀರು ಹೊರಗೆ ಬರುತ್ತದೆ. ಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ಕಾಲಾಡಿಸುವ ಮಗುವಿಗೆ ಇದರಿಂದ ತೊಂದರೆಯಾಗುವುದಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಕೂತ ಮಗುವಿನ ಇಡೀ ಭಾರ ಆ ಪಟ್ಟಿಯ ಮೇಲೆ ಬೀಳುತ್ತದೆ. ಹುಣಸೂರು ದಾಟಿ ಪಿರಿಯಾಪಟ್ಟಣ ಬರುವ ಹೊತ್ತಿಗೆ ಮಗುವಿನ ತೊಡೆಯ ಎಲಾಸ್ಟಿಕ್ ಅಂಚು ತೇವವಾಗಿ, ಆ ತೇವ ನನ್ನ ಸೀರೆಗೂ ಇಳಿದಿರುತ್ತಿತ್ತು. ಡೈಪರ್ ಬಿಚ್ಚಿ ನೋಡಿದರೆ ಇನ್ಸರ್ಟ್‌ನ ಹಿಂದಿನ ಅರ್ಧ ಇನ್ನೂ ಒಣಗಿಯೇ ಇರುತ್ತಿತ್ತು. ಹೀರುವ ಶಕ್ತಿ ತೀರಿ ಸೋರಿದ್ದಲ್ಲ, ಒತ್ತಿದ್ದಕ್ಕೆ ಸೋರಿದ್ದು ಎನ್ನುವುದು ಇದರಿಂದಲೇ ತಿಳಿಯುತ್ತದೆ. ಬಿದಿರಿನ ನಾರಿನ ಅಥವಾ ಹೆಂಪ್ ಎಂಬ ಸೆಣಬಿನಂತಹ ನಾರಿನ ಇನ್ಸರ್ಟ್ ಹಾಕಿದರೆ ಈ ದೋಷ ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಆ ಇನ್ಸರ್ಟ್‌ಗಳು ಹೀರುವುದೂ ನಿಧಾನ, ಒಣಗುವುದು ಅದಕ್ಕಿಂತ ನಿಧಾನ.

ನಮ್ಮ ಕಡೆಯ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಎಣ್ಣೆ ಹಚ್ಚಿ ನೀರು ಹಾಕಿದ ದಿನ ಮಗುವಿನ ಮೈಯಲ್ಲಿ ಉಳಿದ ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆ ಪಾಕೆಟ್ ಡೈಪರಿನ ಒಳಮೈಗೆ ಅಂಟಿಕೊಂಡರೆ, ಅದು ನೀರನ್ನು ಒಳಗೆ ಬಿಡದೆ ಜಾರಿಸಿಬಿಡುತ್ತದೆ. ಗುಳ್ಳೆಗಳಿಗೆ ಹಚ್ಚುವ ಜಿಂಕ್ ಆಕ್ಸೈಡ್ ಮುಲಾಮು ಕೂಡ ಹೀಗೆಯೇ ಮಾಡುತ್ತದೆ. ಅಂತಹ ದಿನಗಳಲ್ಲಿ ಮಗುವಿನ ಮೈಗೂ ಡೈಪರಿಗೂ ನಡುವೆ ತೆಳುವಾದ ಹತ್ತಿ ಬಟ್ಟೆಯ ತುಂಡೊಂದನ್ನು ಹಾಸುವುದು ಒಳ್ಳೆಯದು.

ಆಲ್-ಇನ್-ಒನ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹೀರುವ ಪದರಗಳನ್ನೂ ಹೊರಕವಚವನ್ನೂ ಒಟ್ಟಿಗೇ ಹೊಲಿದಿರುವುದರಿಂದ ಹಾಕುವುದಕ್ಕೆ ಇದಕ್ಕಿಂತ ಸುಲಭವಾದದ್ದು ಇಲ್ಲ, ಒಣಗಿಸುವುದಕ್ಕೆ ಇದಕ್ಕಿಂತ ಕಷ್ಟವಾದದ್ದೂ ಇಲ್ಲ. ಮಡಿಕೇರಿಯಲ್ಲಿ ಮಳೆ ಹಿಡಿದ ದಿನಗಳಲ್ಲಿ, ತಂಗಿದ್ದ ಮನೆಯ ಮಾಡಿನ ಕೆಳಗೆ ಕಟ್ಟಿದ ಹಗ್ಗದ ಮೇಲೆ ಎರಡು ದಿನ ನೇತು ಹಾಕಿದರೂ ಹೊಲಿಗೆಯ ಅಂಚುಗಳು ಬೆರಳಿಗೆ ತಣ್ಣಗೆ ತಾಗುತ್ತಿದ್ದವು, ಮೂಗಿನ ಹತ್ತಿರ ಹಿಡಿದರೆ ಮುಗ್ಗಲು ವಾಸನೆ ಬರುತ್ತಿತ್ತು. ಪಿಯುಎಲ್ ಇರುವುದರಿಂದ ಇಸ್ತ್ರಿಪೆಟ್ಟಿಗೆಯನ್ನು ಅದರ ಹತ್ತಿರಕ್ಕೂ ಒಯ್ಯುವಂತಿಲ್ಲ. ಒಂದೇ ದಿನದಲ್ಲಿ ಹೋಗಿ ಬರುವ ಊರಿಗೆ ಇದು ಸರಿ. ರಾತ್ರಿ ಉಳಿಯುವುದಾದರೆ ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ಇನ್ನು ಉಳಿದದ್ದು ಎಲ್ಲಕ್ಕಿಂತ ಹಳೆಯದು. ಮಾವನವರ, ಮಲ್ ಎಂಬ ತೆಳು ಹತ್ತಿ ಬಟ್ಟೆಯ ಹಳೆಯ ಪಂಚೆಗಳನ್ನು ಅತ್ತೆಯವರು ಸುಮಾರು 27 ಇಂಚಿನ ಚೌಕಗಳಾಗಿ ಕತ್ತರಿಸಿ, ಅಂಚು ಮಡಿಸಿ ಹೊಲಿದು ಕೊಟ್ಟಿದ್ದರು. ಅಂಗಡಿಯಲ್ಲಿ ಮಸ್ಲಿನ್ ಚೌಕಗಳೆಂದು ಸಿಗುವುದೂ ಹೆಚ್ಚುಕಡಿಮೆ ಇದೇ. ಆದರೆ ವರ್ಷಗಟ್ಟಲೆ ಒಗೆದು ಮೆತ್ತಗಾದ ಪಂಚೆ ಮೊದಲ ದಿನದಿಂದಲೇ ಚೆನ್ನಾಗಿ ಹೀರುತ್ತದೆ, ಹೊಸ ಹತ್ತಿ ಬಟ್ಟೆಯಾದರೆ ಅದರ ಗಂಜಿ ಮತ್ತು ಮೇಣದಂಶ ಹೋಗುವ ತನಕ ಹಲವು ಸಲ ಒಗೆಯಬೇಕಾಗುತ್ತದೆ. ಬರೀ ಲಂಗೋಟಿಯಂತೆ ಕಟ್ಟಿದರೆ ಪ್ರಯಾಣದಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ, ಮೇಲೆ ಪಿಯುಎಲ್ ಕವರ್ ಹಾಕಲೇಬೇಕು. ಅಜ್ಜಿಯರ ಕಾಲದ ಬಟ್ಟೆ ಮತ್ತು ಈ ಕಾಲದ ಕವರ್ ಸೇರಿದಾಗ ಸಿಗುವ ಅನುಕೂಲವನ್ನು ಬೇರೆ ಯಾವ ಡೈಪರಿನಲ್ಲೂ ನಾನು ಕಂಡಿಲ್ಲ.

ಅತ್ತೆಯವರು ಮಡಿಸುವ ಕ್ರಮ ಹೀಗಿದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ಮಾಡಿ, ಅದರ ಉದ್ದನೆಯ ಬದಿ ಮಗುವಿನ ಸೊಂಟದ ಕೆಳಗೆ ಬರುವಂತೆ ಹಾಸುತ್ತಾರೆ. ಇನ್ನೊಂದು ಚೌಕವನ್ನು ನಾಲ್ಕು ಬೆರಳಿನ ಅಗಲಕ್ಕೆ ಉದ್ದುದ್ದ ಮಡಿಸಿ ನಡುವೆ ಇಡುತ್ತಾರೆ. ಗಂಡುಮಗುವಾದರೆ ಅದರ ಮುಂಭಾಗವನ್ನು ಇನ್ನೊಂದು ಮಡಿಕೆ ಹಾಕಿ ದಪ್ಪ ಮಾಡುತ್ತಾರೆ. ಕೆಳಗಿನ ತುದಿಯನ್ನು ಕಾಲುಗಳ ನಡುವಿನಿಂದ ಹೊಟ್ಟೆಯ ಮೇಲಕ್ಕೆ ತಂದು, ಎಡಬಲದ ತುದಿಗಳನ್ನು ಅದರ ಮೇಲೆ ಹಾಯಿಸಿ ಒಳಕ್ಕೆ ಸಿಕ್ಕಿಸಿದರೆ ಪಿನ್ನಿನ ಅಗತ್ಯವೇ ಇರುವುದಿಲ್ಲ, ಕವರ್ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮಗು ಮೂತ್ರ ಮಾತ್ರ ಮಾಡಿದ್ದರೆ ಒಳಗಿನ ಬಟ್ಟೆಯನ್ನು ಬದಲಿಸಿ, ಕವರನ್ನು ಒರೆಸಿ ಮತ್ತೆ ಹಾಕಬಹುದು. ಹೀಗಾಗಿ ಮೂರು ಕವರ್ ಇದ್ದರೆ ದಿನವಿಡೀ ಸಾಕಾಗುತ್ತದೆ.

ಒಗೆಯುವಾಗ ಇದರ ಗುಣ ಇನ್ನೂ ಸ್ಪಷ್ಟವಾಗುತ್ತದೆ. ದಪ್ಪ ಇನ್ಸರ್ಟ್ ಅನ್ನು ಎಷ್ಟು ಹಿಂಡಿದರೂ ಒಳಗೆ ನೀರು ಉಳಿಯುತ್ತದೆ. ಪಂಚೆಯ ಚೌಕವನ್ನು ಬಿಡಿಸಿದರೆ ಒಂದೇ ಪದರ, ಲಾಡ್ಜಿನ ಬಕೆಟ್ಟಿನಲ್ಲಿ ಕೈಯಿಂದ ಒಗೆದರೂ ಕೊಳೆ ಸಲೀಸಾಗಿ ಬಿಡುತ್ತದೆ. ಹಿಂಡಿದ ಮೇಲೆ ಒಣ ಟವೆಲಿನ ಮೇಲೆ ಹಾಸಿ, ಟವೆಲಿನ ಜೊತೆಗೇ ಸುರುಳಿ ಸುತ್ತಿ ಕಾಲಿನಿಂದ ಒತ್ತಿದರೆ ಉಳಿದ ನೀರಿನ ಬಹುಪಾಲು ಟವೆಲಿಗೆ ಹೋಗುತ್ತದೆ. ನಂತರ ಫ್ಯಾನಿನ ಕೆಳಗೆ ಕುರ್ಚಿಯ ಬೆನ್ನಿಗೆ ಹಾಕಿ ಮಲಗಿದರೆ, ಮಡಿಕೇರಿಯ ಮಳೆಯಲ್ಲೂ ಬೆಳಗಿನ ಹೊತ್ತಿಗೆ ಬಹುತೇಕ ಒಣಗಿರುತ್ತಿತ್ತು, ಉಳಿದ ತೇವವನ್ನು ಇಸ್ತ್ರಿಪೆಟ್ಟಿಗೆ ತೆಗೆಯುತ್ತಿತ್ತು. ಅತ್ತೆಯವರ ಊರಿನಲ್ಲಂತೂ ಬಚ್ಚಲುಮನೆಯ ಹಂಡೆ ಒಲೆಯ ಬಿಸಿಯೇ ಸಾಕು. ಬೇಕಾದರೆ ಇವನ್ನು ಕುದಿಯುವ ನೀರಿಗೂ ಹಾಕಬಹುದು. ಪಿಯುಎಲ್ ಮತ್ತು ಎಲಾಸ್ಟಿಕ್ ಇರುವ ಯಾವುದಕ್ಕೂ ಅಷ್ಟು ಬಿಸಿ ತಾಗಿಸಬಾರದು, ಅದರ ಲೇಪ ಬಿಟ್ಟುಕೊಂಡು ನೀರು ಸೋರತೊಡಗುತ್ತದೆ.

ಇದರಲ್ಲೂ ಕೊರತೆಗಳಿವೆ. ಮಗುಚಿಕೊಂಡು ತೆವಳಲು ಕಲಿತ ಮಗು ತ್ರಿಕೋನ ಮಡಿಸುವಷ್ಟು ಹೊತ್ತು ನೆಟ್ಟಗೆ ಮಲಗುವುದಿಲ್ಲ. ಆಗ ಚೌಕವನ್ನು ಉದ್ದನೆಯ ಪಟ್ಟಿಯಾಗಿ ಮಡಿಸಿ ಕವರಿನ ಒಳಗೆ ಹಾಸುವುದೇ ದಾರಿ, ಆದರೆ ಹಾಗೆ ಮಾಡಿದರೆ ಮಲ ಕವರಿಗೆ ತಾಗುವುದು ಹೆಚ್ಚು. ಹತ್ತಿ ಒದ್ದೆಯಾದದ್ದು ಮಗುವಿಗೆ ಕೂಡಲೇ ಗೊತ್ತಾಗುವುದರಿಂದ ಎರಡು ಗಂಟೆಗೊಮ್ಮೆ, ಕೆಲವೊಮ್ಮೆ ಅದಕ್ಕೂ ಮುಂಚೆಯೇ, ಬದಲಿಸಬೇಕು. ಮೇಲುಕೋಟೆಯ ವೈರಮುಡಿಯಂತಹ ಉತ್ಸವದಲ್ಲಿ ರಾತ್ರಿಯ ಜನಸಂದಣಿಯ ನಡುವೆ ಮಗುವನ್ನು ಮಲಗಿಸಿ ಬಟ್ಟೆ ಬದಲಿಸಲು ಜಾಗವೇ ಸಿಗುವುದಿಲ್ಲ, ಅಲ್ಲಿ ಪಾಕೆಟ್ ಡೈಪರ್ ಪಂಚೆಗಿಂತ ಎಷ್ಟೋ ಮೇಲು. ರಾತ್ರಿ ರೈಲಿಗೂ ಅಷ್ಟೇ. ಮಲಗುವ ಮೊದಲು ಪಾಕೆಟ್ಟಿನಲ್ಲಿ ಮೇಲೆ ಮೈಕ್ರೋಫೈಬರ್, ಅದರ ಕೆಳಗೆ ಹೆಂಪ್ ಹೀಗೆ ಎರಡು ಇನ್ಸರ್ಟ್ ತುಂಬಿದರೆ, ಮೇಲಿನದು ಬೇಗ ಎಳೆದುಕೊಂಡದ್ದನ್ನು ಕೆಳಗಿನದು ನಿಧಾನವಾಗಿ ಹೀರಿ ಹಿಡಿದುಕೊಳ್ಳುತ್ತದೆ. ಮಲಗಿದ ಮಗುವಿನ ಭಾರ ಇನ್ಸರ್ಟ್ ಮೇಲೆ ಅಷ್ಟಾಗಿ ಬೀಳುವುದಿಲ್ಲವಾದ್ದರಿಂದ ಮೊದಲು ಹೇಳಿದ ಸೋರಿಕೆಯೂ ಕಡಿಮೆ. ಮೈಕ್ರೋಫೈಬರನ್ನು ಮಾತ್ರ ಜೇಬಿನ ಹೊರಗೆ, ನೇರವಾಗಿ ಮಗುವಿನ ಚರ್ಮದ ಮೇಲೆ ಇಡಬಾರದು, ಚರ್ಮದ ತೇವವನ್ನೂ ಎಳೆದುಕೊಂಡು ಅದು ಕೆಂಪಾಗುವಂತೆ ಮಾಡುತ್ತದೆ.

ನೀರಿನ ವಿಷಯವನ್ನು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮೈಸೂರಿನ ನಮ್ಮ ಮನೆಯ ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ, ಅತ್ತೆಯವರ ಊರಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕಣ್ಣೆದುರಿಗೇ ಹರಿಯುತ್ತಿದ್ದರೂ ಮನೆಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿಯ ಜಿಡ್ಡಾಗುತ್ತವೆ, ಆ ಜಿಡ್ಡು ಬಟ್ಟೆಯಲ್ಲಿ ಕೂತರೆ ಬಟ್ಟೆ ರಟ್ಟಿನಂತೆ ಬಿರುಸಾಗಿ ಹೀರುವುದನ್ನೇ ನಿಲ್ಲಿಸುತ್ತದೆ. ಅಂತಹ ಕಡೆ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿಯನ್ನೇ ಬಳಸಿ, ನೊರೆ ಪೂರ್ತಿ ಹೋಗುವ ತನಕ ಜಾಲಿಸಬೇಕು. ಬಟ್ಟೆ ಮೆತ್ತಗಾಗಲಿ ಎಂದು ಕಂಡೀಷನರ್ ಹಾಕುವುದು ಬೇಡ, ಅದೂ ಹೀರುವ ಗುಣವನ್ನು ಕೆಡಿಸುತ್ತದೆ.

ಬಳಸಿ ಬಿಸಾಡುವ ಡೈಪರನ್ನು ನಾನು ಹೀಗಳೆಯುವುದಿಲ್ಲ. ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು ಮೂತ್ರವನ್ನು ಲೋಳೆಯಾಗಿ ಮಾಡಿ ಹಿಡಿದಿಡುವುದರಿಂದ ಒತ್ತಿದರೂ ಸುಲಭವಾಗಿ ಸೋರುವುದಿಲ್ಲ, ಅಷ್ಟರ ಮಟ್ಟಿಗೆ ಮೈಕ್ರೋಫೈಬರ್ ಅದರ ಮುಂದೆ ಸೋಲುತ್ತದೆ. ಮಗುವಿಗೆ ಭೇದಿಯಾದಾಗ, ನೀರಿಲ್ಲದ ಕಡೆ ತಂಗಬೇಕಾದಾಗ ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಆಕ್ಷೇಪವಿರುವುದು ಅದನ್ನು ಎಸೆಯುವ ರೀತಿಗೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ಬಿಗಿಯಾಗಿ ಸುತ್ತಿ ಒಣಕಸದ ಡಬ್ಬಿಗೆ ಹಾಕಬೇಕೆಂದೂ, ಸುತ್ತುವುದಕ್ಕೆ ಚೀಲವನ್ನು ತಯಾರಕರೇ ಕೊಡಬೇಕೆಂದೂ ಹೇಳಿದವು. ಹೀಗಿದ್ದೂ ಹೆದ್ದಾರಿಯ ಬದಿಯಲ್ಲಿ, ನಾಲೆಯ ಏರಿಯ ಮೇಲೆ ಉಬ್ಬಿ ಬಿದ್ದಿರುವ ಡೈಪರ್‌ಗಳನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಆ ನಾಲೆಯ ನೀರೇ ಗದ್ದೆಗೆ ಹೋಗುವುದು. ರೈಲಿನ ಶೌಚಾಲಯಕ್ಕೆ ಹಾಕುವುದಂತೂ ಕೂಡದು. ಈಗಿನ ಬೋಗಿಗಳಲ್ಲಿರುವುದು ಕೆಳಗಿನ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಮಲವನ್ನು ಕೊಳೆಸುವ ಬಯೋ ಟಾಯ್ಲೆಟ್, ಒಂದು ಡೈಪರ್ ಸಿಕ್ಕಿಕೊಂಡರೂ ಕಟ್ಟಿಕೊಂಡು ಇಡೀ ಬೋಗಿಗೆ ತೊಂದರೆಯಾಗುತ್ತದೆ.

ಬಟ್ಟೆ ಡೈಪರಿನಲ್ಲಿ ಮಲವನ್ನು ಏನು ಮಾಡುವುದು ಎಂದು ಬಹಳ ತಾಯಂದಿರು ಕೇಳುತ್ತಾರೆ. ತಾಯಿಹಾಲು ಮಾತ್ರ ಕುಡಿಯುವ ಮಗುವಿನ ಮಲ ನೀರಿನಲ್ಲಿ ಕರಗುವುದರಿಂದ ಹಾಗೆಯೇ ಜಾಲಿಸಿದರೆ ಸಾಕು. ಆರು ತಿಂಗಳ ನಂತರ ರಾಗಿಸರಿ, ಅನ್ನ ಶುರುವಾದ ಮೇಲೆ ಮೊದಲು ಶೌಚಾಲಯಕ್ಕೆ ಕೊಡವಿ, ಅಂಟಿಕೊಂಡದ್ದನ್ನು ಅಲ್ಲಿನ ಜೆಟ್ ಸ್ಪ್ರೇಯಿಂದ ತೊಳೆದು, ಹಿಂಡಿ, ನೀರು ಸೋರದ ಜಿಪ್ ಚೀಲಕ್ಕೆ ಹಾಕಬೇಕು. ಆ ಚೀಲವನ್ನು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಮುಚ್ಚಿಡಬಾರದು, ಅಮೋನಿಯಾ ವಾಸನೆ ಹಿಡಿದರೆ ಅದನ್ನು ತೆಗೆಯುವುದು ಬಹಳ ಕಷ್ಟ.

ಈಗ ಎರಡು ಮೂರು ದಿನಕ್ಕೆ ಹೊರಡುವಾಗ ನಾನು ತುಂಬಿಕೊಳ್ಳುವುದು ಇಪ್ಪತ್ತು ಪಂಚೆಯ ಚೌಕ, ಮೂರು ಕವರ್, ರಾತ್ರಿಗೆ ಹೆಂಪ್ ಇನ್ಸರ್ಟಿನ ಎರಡು ಪಾಕೆಟ್ ಡೈಪರ್, ಎರಡು ಜಿಪ್ ಚೀಲ, ಹಗ್ಗ, ಕ್ಲಿಪ್ಪು, ಡಬ್ಬಿಯಲ್ಲಿ ಡಿಟರ್ಜೆಂಟ್ ಪುಡಿ. ಮಳೆಗಾಲವಾದರೆ ಚೌಕಗಳ ಜೊತೆಗೆ ಒಂದು ಹೆಚ್ಚಿನ ಟವೆಲನ್ನೂ ಇಟ್ಟುಕೊಳ್ಳುತ್ತೇನೆ.