ಗಾಳದ ಕೋಲಿಗೆ ಸುತ್ತುವ ದಾರ: ನೈಲಾನ್, ಎನ್‌ಸಿಪಿ, ಮೆಟಾಲಿಕ್ – 5 ವರ್ಷ ಬಳಸಿದ ಮೇಲೆ

ಸುರತ್ಕಲ್ ಕಡೆಯ ಬಂಡೆಗಳ ಮೇಲೆ ನಿಂತು ಗಾಳ ಹಾಕುವವನು ನಾನು. ಬರೀ ಬ್ಲ್ಯಾಂಕ್ (ಏನೂ ಕಟ್ಟಿರದ ಬರಿಯ ಕೋಲು) ತರಿಸಿಕೊಂಡು ಗೈಡ್‌ಗಳನ್ನು (ಗಾಳದ ದಾರ ಹಾದುಹೋಗುವ ಉಂಗುರಗಳು) ನಾನೇ ದಾರ ಸುತ್ತಿ ಕಟ್ಟಲು ಶುರು ಮಾಡಿ 5 ವರ್ಷವಾಯಿತು. ನನಗೂ ಗೆಳೆಯರಿಗೂ ಸೇರಿ ಇಲ್ಲಿಯವರೆಗೆ 14 ರಾಡ್ ಕಟ್ಟಿದ್ದೇನೆ. ಮೂರು ಬಗೆಯ ದಾರವನ್ನೂ ಉಪ್ಪುನೀರು, ಬಿಸಿಲು ಎರಡರಲ್ಲೂ ನೋಡಿಯಾಗಿದೆ.

ಮೊದಲು ಸಾದಾ ನೈಲಾನ್. ಉರುಳೆಯಲ್ಲಿ ಕಾಣುವ ಬಣ್ಣ ರಾಡ್ ಮೇಲೆ ಉಳಿಯುವುದಿಲ್ಲ. ನನ್ನ ಮೊದಲ ರಾಡ್‌ಗೆ ದಾಸವಾಳದಂಥ ಕೆಂಪು ದಾರ ಸುತ್ತಿದ್ದೆ. ಬ್ರಷ್‌ನಲ್ಲಿ ಎಪಾಕ್ಸಿ (ಸುತ್ತಿದ ದಾರದ ಮೇಲೆ ಹಚ್ಚುವ, ಒಣಗಿ ಗಟ್ಟಿಯಾಗುವ ಪಾರದರ್ಶಕ ಅಂಟು) ಹಚ್ಚುತ್ತಿದ್ದ ಹಾಗೇ ದಾರ ಕಣ್ಣೆದುರಿಗೇ ಕಂದುಗೆಂಪಿಗೆ ಇಳಿಯಿತು, ಅಡಿಯಲ್ಲಿದ್ದ ಗೈಡ್‌ನ ಕಾಲು ಮಸುಕಾಗಿ ಕಾಣತೊಡಗಿತು. ಬಿಳಿ ಪಂಚೆ ಒದ್ದೆಯಾದರೆ ಮೈ ಕಾಣುವುದಿಲ್ಲವೇ, ಹಾಗೆ. ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ಎಪಾಕ್ಸಿ ಇಳಿಯುತ್ತದೆ, ದಾರ ಪಾರದರ್ಶಕವಾಗುತ್ತದೆ. ಕಪ್ಪು ಬ್ಲ್ಯಾಂಕ್ ಮೇಲೆ ಕಡುಹಸಿರು ಸುತ್ತಿದರೆ ದಾರ ಇದೆಯೆಂದೇ ತಿಳಿಯುವುದಿಲ್ಲ.

ಬಣ್ಣ ಉಳಿಯಬೇಕೆಂದರೆ ಎಪಾಕ್ಸಿಗೆ ಮೊದಲು ಕಲರ್ ಪ್ರಿಸರ್ವರ್ ಎಂಬ ಬಣ್ಣ ಕಾಯುವ ದ್ರವ ಹಚ್ಚಬೇಕು. ನಾನು ಎರಡು ಮೂರು ಕೋಟ್ ಕೊಡುತ್ತೇನೆ. ಒಂದು ಚುಕ್ಕೆಯಷ್ಟು ಜಾಗ ಬಿಟ್ಟುಹೋದರೂ ಅಲ್ಲಿ ಕಪ್ಪು ಮಚ್ಚೆ ಏಳುತ್ತದೆ. ಅದು ಪೂರ್ತಿ ಒಣಗುವ ತನಕ ಎಪಾಕ್ಸಿ ಮುಟ್ಟಲೇಬಾರದು. ಇನ್ನೊಂದು ಮಾತು: ಪ್ರಿಸರ್ವರ್ ಹಚ್ಚಿದಲ್ಲಿ ಎಪಾಕ್ಸಿ ದಾರದೊಳಗೆ ಇಳಿಯದು, ಮೇಲೆ ಕೂರುತ್ತದೆ ಅಷ್ಟೇ. ದೊಡ್ಡ ಮುರು ಮೀನನ್ನು ಬಂಡೆಯಿಂದ ಎಳೆಯಬೇಕಾದ ರಾಡ್‌ಗೆ ನಾನು ಪ್ರಿಸರ್ವರ್ ಹಾಕುವುದೇ ಇಲ್ಲ. ಸಾದಾ ನೈಲಾನ್ ಸುತ್ತಿ, ಬಣ್ಣ ಕಡುವಾದರೆ ಆಗಲಿ ಎಂದು ಬಿಡುತ್ತೇನೆ. ಗೈಡ್ ಅಲುಗದಿರುವುದು ಮುಖ್ಯ.

ಎನ್‌ಸಿಪಿ ದಾರಕ್ಕೆ ಪ್ರಿಸರ್ವರ್ ಬೇಡ, ‘ನೋ ಕಲರ್ ಪ್ರಿಸರ್ವರ್’ ಎಂಬ ಹೆಸರೇ ಹಾಗೆ ಹೇಳುತ್ತದೆ. ಉರುಳೆಯ ಬಣ್ಣ ಬಹುಪಾಲು ಹಾಗೆಯೇ ನಿಲ್ಲುತ್ತದೆ. ಹೊಳಪು ಸ್ವಲ್ಪ ಕಡಿಮೆ, ಗೋಡೆಗೆ ಪೇಂಟ್ ಬಳಿದಂತೆ ಚಪ್ಪಟೆಯಾಗಿ ಕಾಣುತ್ತದೆ, ನೈಲಾನ್‌ನ ಆಳ ಇದಕ್ಕಿಲ್ಲ. ಆದರೆ ಹಿಡಿಯ ಮೇಲ್ಭಾಗದಲ್ಲಿ ವಜ್ರಾಕಾರದ ಅಡ್ಡಸುತ್ತು ಹಾಕುವಾಗ ಗೆರೆ ಗೆರೆಯಾಗಿ ಸ್ಪಷ್ಟವಾಗಿ ಬರುವುದು ಇದರಲ್ಲೇ. ಆ ಕೆಲಸಕ್ಕೆ ಈಗ ಬೇರೆ ದಾರ ಮುಟ್ಟುವುದಿಲ್ಲ.

ಮೆಟಾಲಿಕ್ ದಾರ ಚಂದ, ಒಪ್ಪುತ್ತೇನೆ. ಬೆಳಗಿನ ಬಿಸಿಲಿನಲ್ಲಿ ಸೀರೆಯ ಜರಿಯಂತೆ ಮಿನುಗುತ್ತದೆ. ಆದರೆ ಅದು ಗೈಡ್ ಹಿಡಿದು ನಿಲ್ಲಿಸುವ ದಾರವಲ್ಲ. ಜಾರುತ್ತದೆ, ಬಿಗಿ ಹೆಚ್ಚಾದರೆ ಮೇಲಿನ ಹೊಳೆಯುವ ಪದರ ಸುಲಿಯುತ್ತದೆ, ಎಪಾಕ್ಸಿ ಒಳಗೆ ಇಳಿಯುವುದಿಲ್ಲ. ಗೈಡ್ ಕಟ್ಟಿದ ತುದಿಗೆ ಹತ್ತು ಹನ್ನೆರಡು ಸುತ್ತಿನ ಅಂಚಾಗಿ ಮಾತ್ರ ಬಳಸಿ. ಕತ್ತರಿಸಿದ ತುದಿ ಸೂಜಿಯ ಹಾಗೆ ಗಡುಸಾಗಿ ಎಪಾಕ್ಸಿಯಿಂದ ಹೊರಗೆ ಚುಚ್ಚಿಕೊಂಡು ನಿಲ್ಲುತ್ತದೆ. ಹೊಸ ಬ್ಲೇಡ್‌ನಲ್ಲಿ ಬುಡಕ್ಕೇ ಕತ್ತರಿಸಿ, ಚಮಚದ ಹಿಂಭಾಗದಿಂದ ಉಜ್ಜಿ ಒಳಕ್ಕೆ ಕೂರಿಸಬೇಕು.

ದಾರದ ಸೈಜ್ ವಿಷಯ (ಎ ತೆಳು, ಡಿ ದಪ್ಪ): ಕಾಣೆ ಹಿಡಿಯುವ ಸಣ್ಣ ರಾಡ್‌ಗೆ ಎ ಸೈಜ್, ಬಂಡೆಯಿಂದ ದೂರ ಎಸೆಯುವ ದಪ್ಪ ರಾಡ್‌ಗೆ ಡಿ. ಎ ಸೈಜಿನಲ್ಲಿ ಒಂದು ಇಂಚು ಮುಚ್ಚಲು ಸುಮಾರು 150 ಸುತ್ತು ಬೇಕಾಗುತ್ತದೆ, ತಾಳ್ಮೆ ಇಟ್ಟುಕೊಂಡು ಕೂರಿ.

ದುಡ್ಡು ಉಳಿಸಲು ಒಮ್ಮೆ ಟೈಲರಿಂಗ್ ಸಾಮಾನಿನ ಅಂಗಡಿಯಿಂದ ಕಸೂತಿ ಯಂತ್ರದ ದಾರ ತಂದೆ. ಬಣ್ಣಗಳಂತೂ ಕಣ್ಣು ಕೋರೈಸುವಂತಿದ್ದವು. ಎಪಾಕ್ಸಿ ಹಚ್ಚಿ ಹತ್ತು ನಿಮಿಷಕ್ಕೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಗುಂಡಿಗಳು ಬಿದ್ದವು, ಎಪಾಕ್ಸಿ ಹಿಂದೆ ಸರಿದು ದಾರ ಬರಿದಾಯಿತು. ಹೊಲಿಗೆ ಯಂತ್ರದಲ್ಲಿ ಸಲೀಸಾಗಿ ಓಡಲೆಂದು ಇಂಥ ದಾರಗಳಿಗೆ ಸಿಲಿಕೋನ್‌ನಂಥ ಜಾರುಪದಾರ್ಥ ಸವರಿರುವುದುಂಟು. ಆ ಸುತ್ತನ್ನೆಲ್ಲ ಕೆರೆದು ತೆಗೆದು ಮತ್ತೆ ಕಟ್ಟಿದೆ, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ದಾರ ಮುಟ್ಟಿದರೂ ಇದೇ ಗತಿ. ಸುತ್ತಲು ಕೂರುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ನಮ್ಮ ಕರಾವಳಿಯ ಜಡಿಮಳೆಯ ದಿನಗಳಲ್ಲಿ ಎಪಾಕ್ಸಿ ಕೆಲಸ ಬೇಡವೇ ಬೇಡ. ತೇವಕ್ಕೆ ಮೇಲ್ಮೈ ಮಂಜು ಕವಿದಂತೆ ಮಂಕಾಗುತ್ತದೆ. ದಾರವನ್ನು ಜುಲೈನಲ್ಲಿ ಸುತ್ತಿಟ್ಟು, ಎಪಾಕ್ಸಿಗೆ ಒಣ ದಿನಗಳು ಬರುವ ತನಕ ಕಾಯುತ್ತೇನೆ.

ಈಗ ಬಾಳಿಕೆ. 5 ವರ್ಷದ ಹಳೆಯ ರಾಡ್‌ನಲ್ಲಿ ನೈಲಾನ್ ಸುತ್ತು ಒಂದೂ ಸಡಿಲವಾಗಿಲ್ಲ. ಬಣ್ಣದ ಲೆಕ್ಕ ಬೇರೆ. ಬಿಸಿಲಿಗೆ ಎಪಾಕ್ಸಿ ಹಳದಿಗೆ ತಿರುಗಿದ್ದರಿಂದ ತಿಳಿನೀಲಿ ಎನ್‌ಸಿಪಿ ಈಗ ಪಾಚಿಬಣ್ಣಕ್ಕೆ ಬಂದಿದೆ. ಬಿಳಿ ದಾರ ಸುತ್ತಿದ ಇನ್ನೊಂದು ರಾಡ್‌ನಲ್ಲಿ ಗೈಡ್‌ನ ಬುಡದ ಎಪಾಕ್ಸಿ ಕೂದಲೆಳೆಯಷ್ಟು ಬಿರಿದು, ಉಪ್ಪುನೀರು ಒಳಗಿಳಿದು, ತುಕ್ಕಿನ ಕಲೆ ದಾರದುದ್ದಕ್ಕೂ ಹರಿದಿದೆ. ಕಡುನೀಲಿ, ಕಪ್ಪು, ಕಂದು ಬಣ್ಣಗಳು ಮಾತ್ರ ಕಟ್ಟಿದ ದಿನದಂತೆಯೇ ಇವೆ. ಸಮುದ್ರಕ್ಕೆ ಒಯ್ಯುವ ರಾಡ್‌ಗೆ ಅವನ್ನೇ ಆರಿಸಿ.

ನನ್ನ ಅಂಕ: ನೈಲಾನ್‌ಗೆ 5ಕ್ಕೆ 5, ಎನ್‌ಸಿಪಿಗೆ 4, ಮೆಟಾಲಿಕ್‌ಗೆ 3. ಮುಂದಿನ ರಾಡ್‌ಗೆ ಡಿ ಸೈಜಿನ ಕಡುನೀಲಿ ನೈಲಾನ್ ತರಿಸಿಟ್ಟಿದ್ದೇನೆ, ಅಂಚಿಗೆ ಹತ್ತು ಸುತ್ತು ತಾಮ್ರದ ಬಣ್ಣದ ಮೆಟಾಲಿಕ್.