ಹುಲ್ಲು ಕತ್ತರಿಸುವ ಗಾಡಿ ವೂಂ-ವೂಂ ಎಂದು ಏರಿಳಿಯುತ್ತಿದೆಯೇ? ಗವರ್ನರ್ ಸ್ಪ್ರಿಂಗಿಗೆ ಕೈ ಹಾಕಬೇಡಿ

ಗೋವಾದ ರೆಸಾರ್ಟು, ಮೈದಾನ, ದೊಡ್ಡ ಬಂಗಲೆಗಳ ಹುಲ್ಲುಹಾಸು ನೋಡಿಕೊಳ್ಳುವವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ನಮ್ಮವರಿದ್ದಾರೆ. ಕುಳಿತು ಓಡಿಸುವ ಮೋವರ್ ಅವರ ಕೈಯಲ್ಲೇ ಇರುತ್ತದೆ, ಕೆಟ್ಟರೆ ಬೈಗುಳವೂ ಅವರಿಗೇ. ಇದು ಅವರಿಗೂ, ಅವರು ಗಾಡಿ ತೋರಿಸುವ ಬೈಕ್ ಮೆಕ್ಯಾನಿಕ್‌ಗಳಿಗೂ ಸೇರಿ ಬರೆದದ್ದು.

ಮಾಪುಸಾ ಕಡೆಯ ಒಂದು ಮೈದಾನದ ಗಾಡಿ, ಒಂಟಿ ಸಿಲಿಂಡರಿನ ಇಂಜಿನ್. ಜೂನ್‌ನಲ್ಲಿ ಮಳೆ ಹಿಡಿದಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದ ಹಾಗೆಯೇ ತಾಡಪತ್ರಿ ಹೊದಿಸಿ ನಿಲ್ಲಿಸಿದ್ದರು. ಅಕ್ಟೋಬರ್‌ನಲ್ಲಿ ತೆಗೆದಾಗ ಸ್ಟಾರ್ಟ್ ಆಯಿತು. ಆದರೆ ಬ್ಲೇಡ್ ಹಾಕದೆ, ಅಂದರೆ ಅದನ್ನು ತಿರುಗಲು ಬಿಡದೆ, ರೇಸ್ ಮಾಡಿದರೆ ಎರಡು ಸೆಕೆಂಡಿಗೊಮ್ಮೆ ವೂಂ ಎಂದು ಏರುವುದು, ಕುಸಿಯುವುದು, ಮತ್ತೆ ಏರುವುದು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹಂಟಿಂಗ್. ಬಂದ ಮೆಕ್ಯಾನಿಕ್ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್ ಬಿಚ್ಚಲೇ ಇಲ್ಲ. ಇಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗನ್ನು ಇದ್ದ ತೂತಿನಿಂದ ಆಚೆಯ ತೂತಿಗೆ ಸಿಕ್ಕಿಸಿ, ಸ್ಪ್ರಿಂಗ್ ಹಿಡಿಯುವ ತಗಡನ್ನು ಇಕ್ಕಳದಿಂದ ಬಗ್ಗಿಸಿದ. ಸದ್ದು ಸಮವಾಯಿತು. "ಇನ್ನ ಚಿಂತಿಲ್ಲ ಬಿಡ್ರಿ, ಸೀದಾ ಓಡ್ತೈತಿ" ಅಂದ. ಮೂರನೇ ವಾರ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸ್ ಒಡೆದುಕೊಂಡು ಹೊರಗೆ ಬಂತು. ಎಣ್ಣೆಯೆಲ್ಲ ಹುಲ್ಲಿನ ಮೇಲೆ. ಆಮೇಲೆ ಕಾರ್ಬೋರೇಟರ್ ಬಿಚ್ಚಿ, ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ, ಕಂದು ಅಂಟು ಕಟ್ಟಿ ಮುಚ್ಚಿಹೋಗಿತ್ತು. ಒಂದೂವರೆ ಗಂಟೆಯ ಕೆಲಸ ತಪ್ಪಿಸಲು ಹೋಗಿ ಹೊಸ ಇಂಜಿನ್ ಹಾಕಿಸಬೇಕಾಯಿತು.

ಯಾಕೆ ಹೀಗಾಗುತ್ತದೆ ಅಂದರೆ, ಮೋವರಿನ ರೇಸ್ ಬೈಕಿನ ಆಕ್ಸಿಲರೇಟರ್ ಥರ ಅಲ್ಲ. ನೀವು ಎಳೆಯುವ ಲಿವರ್ ಸ್ಪ್ರಿಂಗನ್ನು ಬಿಗಿಮಾಡುತ್ತದೆ ಅಷ್ಟೆ, ಇಂಜಿನ್ನಿನ ಗಾಳಿಯ ಬಾಗಿಲಾದ ಥ್ರಾಟಲ್ ತೆರೆಯುವುದೂ ಮುಚ್ಚುವುದೂ ಗವರ್ನರ್ ಕೆಲಸ. ಬ್ಲೇಡ್ ಹಾಕದಿದ್ದಾಗ ಹೊರೆ ಇಲ್ಲ, ಆಗ ಫುಲ್ ರೇಸಿನಲ್ಲೂ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಆ ಹೊತ್ತಿಗೆ ಪೆಟ್ರೋಲ್ ಬರಬೇಕಾದ್ದು ಪೈಲಟ್ ಜೆಟ್ಟಿನಿಂದ. ಅದರ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಸಣ್ಣದು. ಅದು ಕಟ್ಟಿಕೊಂಡರೆ ಇಂಜಿನ್‌ಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ವೇಗ ಕುಸಿದ ಕೂಡಲೇ ಗವರ್ನರ್ ಬಾಗಿಲು ತೆರೆಯುತ್ತದೆ, ದೊಡ್ಡ ತೂತಿನ ಮೇನ್ ಜೆಟ್ ಪೆಟ್ರೋಲ್ ಕೊಡುತ್ತದೆ, ವೇಗ ಮಿತಿ ದಾಟುತ್ತದೆ, ಗವರ್ನರ್ ಮತ್ತೆ ಮುಚ್ಚುತ್ತದೆ. ಗವರ್ನರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿರುವುದಕ್ಕೇ ಆ ಸದ್ದು.

ಸ್ಪ್ರಿಂಗ್ ಬಿಗಿಮಾಡಿದರೆ ಬಾಗಿಲು ಇನ್ನಷ್ಟು ತೆರೆದು ಇಂಜಿನ್ ಮೇನ್ ಜೆಟ್ಟಿನ ಮೇಲೆ ಓಡತೊಡಗುತ್ತದೆ. ಹಂಟಿಂಗ್ ಮರೆಯಾಗುತ್ತದೆ, ವೇಗ ಮಾತ್ರ ಏರುತ್ತದೆ. ಈ ಇಂಜಿನ್‌ಗಳ ಗರಿಷ್ಠ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 3,300ರಿಂದ 3,600 ಸುತ್ತು. ರಾಡಿನ ಮೇಲಿನ ಎಳೆತ ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ ಏರುತ್ತದೆ: 3,400 ಇದ್ದದ್ದು 4,300 ಆದರೆ ಎಳೆತ 1.6 ಪಟ್ಟು. ಇಂಥ ಸಣ್ಣ ಇಂಜಿನ್‌ಗಳಲ್ಲಿ ಅದು ಬಹುತೇಕ ಅಲ್ಯೂಮಿನಿಯಂ ರಾಡ್. ಬ್ಲೇಡಿನ ವಿಷಯ ಇನ್ನೂ ಭಯದ್ದು. ಅಮೆರಿಕದ ಸುರಕ್ಷತಾ ಮಾನದಂಡದಲ್ಲಿ ಬ್ಲೇಡ್ ತುದಿಯ ವೇಗಕ್ಕೆ ಸೆಕೆಂಡಿಗೆ ಸುಮಾರು 96 ಮೀಟರಿನ ಮಿತಿಯಿದೆ. ಬಗ್ಗಿಸಿದ ಆ ತಗಡು ಮಿತಿ ದಾಟಿಸಬಲ್ಲದು. ಗೋವಾದ ಮುರಕಲ್ಲಿನ ಚೂರು ಆಗ ಎಲ್ಲಿಗೆ ಹಾರುತ್ತದೆ, ಎಷ್ಟು ಜೋರಾಗಿ ಹಾರುತ್ತದೆ, ನೀವೇ ಯೋಚಿಸಿ.

ಪಾನಾ ಹಿಡಿಯುವ ಮುಂಚೆ ಎರಡು ಪರೀಕ್ಷೆ, ಐದು ನಿಮಿಷ ಸಾಕು. ಇಂಜಿನ್ ಬಿಸಿಯಾದ ಮೇಲೆ ಚೋಕನ್ನು ಅರ್ಧ ಎಳೆಯಿರಿ. ಓಟ ಸಮವಾದರೆ ಪೆಟ್ರೋಲ್ ಕಡಿಮೆ ಬರುತ್ತಿದೆ, ಇಲ್ಲವೇ ಎಲ್ಲಿಂದಲೋ ಗಾಳಿ ಕಳ್ಳತನದಿಂದ ನುಗ್ಗುತ್ತಿದೆ. ಇನ್ನು ಚೋಕ್ ಬಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸೀಟಿನ ಮೇಲೆ ಕುಳಿತೇ ಬ್ಲೇಡ್ ಹಾಕಿ. ಹೊರೆ ಬಿದ್ದಾಗ ಹಂಟಿಂಗ್ ನಿಂತರೆ ಪೈಲಟ್ ಜೆಟ್ಟಿನ ಮೇಲೆ ಅನುಮಾನ. ಹೊರೆಯಲ್ಲೂ ಹಂಟಿಂಗ್ ಇದ್ದರೆ ಮೇನ್ ಜೆಟ್, ಫಿಲ್ಟರ್, ಪೆಟ್ರೋಲ್ ಪಂಪ್ ಕಡೆ ನೋಡಿ. ಏರಿಳಿತಕ್ಕೆ ತಾಳವೇ ಇಲ್ಲದೆ ತಟ್-ತಟ್ ಎಂದು ತಡವರಿಸಿದರೆ ಅದು ಹಂಟಿಂಗ್ ಅಲ್ಲ, ಪ್ಲಗ್, ಕಾಯಿಲ್, ವಾಲ್ವ್ ಕಡೆಯ ತೊಂದರೆ. ಎರಡು ಸಿಲಿಂಡರಿನ ಗಾಡಿಯಾದರೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಒಂದು ನಿಮಿಷ ಓಡಿಸಿ, ಎರಡೂ ಸೈಲೆನ್ಸರ್ ಕೊಳವೆಗಳ ಬುಡಕ್ಕೆ ಒಂದೊಂದು ಹನಿ ನೀರು ಬಿಡಿ. ಹನಿ ಚುಂಯ್ ಅನ್ನದ ಕಡೆಯ ಸಿಲಿಂಡರ್ ಕೆಲಸ ಮಾಡುತ್ತಿಲ್ಲ.

ಡಿಪ್‌ಸ್ಟಿಕ್ಕನ್ನೂ ಮೂಸಿ ನೋಡಿ. ಎಣ್ಣೆಯ ಮಟ್ಟ ತಾನಾಗಿ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಕಾರ್ಬೋರೇಟರಿಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸೋರಿ ಪೆಟ್ರೋಲ್ ಇಂಜಿನ್ನಿಗೆ ಇಳಿದಿದೆ. ತೆಳುವಾದ ಎಣ್ಣೆಯಲ್ಲಿ ರಾಡ್ ಬೇರಿಂಗ್ ಉಳಿಯುವುದಿಲ್ಲ. ಎಣ್ಣೆ ಬದಲಿಸದೆ, ಸೂಜಿ ಸರಿಮಾಡದೆ ಸ್ಟಾರ್ಟ್ ಮಾಡಬೇಡಿ.

ಜೆಟ್ ತೊಳೆಯುವ ಕೆಲಸ ಬಯಲಲ್ಲಿ, ಇಂಜಿನ್ ತಣ್ಣಗಾದ ಮೇಲೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಪ್ಲಗ್ ಕ್ಯಾಪ್ ಎಳೆದಿಡಿ, ಪೆಟ್ರೋಲ್ ಕಾಕ್ ಮುಚ್ಚಿ. ಕಾಕ್ ಇಲ್ಲದಿದ್ದರೆ ಪೈಪನ್ನು ಕ್ಲಿಪ್ಪಿನಿಂದ ಒತ್ತಿಹಿಡಿಯಿರಿ. ಗವರ್ನರಿನ ಸ್ಪ್ರಿಂಗು, ಅದರಿಂದ ಥ್ರಾಟಲಿಗೆ ಹೋಗುವ ಕಡ್ಡಿಗಳ ಫೋಟೋವನ್ನು ಮೊಬೈಲಿನಲ್ಲಿ ಎರಡು ಕಡೆಯಿಂದ ತೆಗೆಯಿರಿ, ಯಾವುದು ಯಾವ ತೂತಿನಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣಲಿ. ಉದ್ದ ಕಡ್ಡಿಯ ಸುತ್ತ ಇರುವ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಬೇಡದ್ದೆಂದು ಬಿಸಾಡುವವರಿದ್ದಾರೆ. ಕಡ್ಡಿ ಅಲುಗಾಡದಂತೆ ಹಿಡಿಯುವುದೇ ಅದು, ಇಲ್ಲದಿದ್ದರೆ ಶುದ್ಧ ಕಾರ್ಬೋರೇಟರೂ ಹಂಟಿಂಗ್ ಮಾಡುತ್ತದೆ.

ಕಾರ್ಬೋರೇಟರಿನ ಕೆಳಗಿನ, ಪೆಟ್ರೋಲ್ ನಿಲ್ಲುವ ಬಟ್ಟಲನ್ನು ಬಿಚ್ಚುವಾಗ ಕೆಳಗೆ ಡಬ್ಬಿ ಇಡಿ. ಬಟ್ಟಲಿನ ಬೋಲ್ಟಿನ ಜಾಗದಲ್ಲಿ ತಂತಿ ಇರುವ ಸೊಲೆನಾಯ್ಡ್ ಇದ್ದರೆ ಮೊದಲು ಅದರ ಕನೆಕ್ಟರ್ ಕಳಚಿ. ಬಟ್ಟಲಿನ ತಳದಲ್ಲಿ ಬಿಳಿ ಪುಡಿಯೋ ನೀರಿನ ಗುಳ್ಳೆಯೋ ಕಂಡರೆ ಟ್ಯಾಂಕನ್ನೂ ಖಾಲಿ ಮಾಡಲೇಬೇಕು. ನಮ್ಮ ಪಂಪುಗಳ ಪೆಟ್ರೋಲಿನಲ್ಲಿ ಈಗ 20 ಶೇಕಡಾ ಎಥೆನಾಲ್ ಇದೆ, ಈ ಇಂಜಿನ್‌ಗಳ ಬಹುತೇಕ ಕೈಪಿಡಿಗಳು ಒಪ್ಪುವುದು 10 ಶೇಕಡಾ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ಬರವಿಲ್ಲ.

ಮೇನ್ ಜೆಟ್, ಪೈಲಟ್ ಜೆಟ್ ಎರಡನ್ನೂ ತೆಗೆದು ಕಾರ್ಬೋರೇಟರ್ ಕ್ಲೀನರಿನಲ್ಲಿ ಅರ್ಧ ಗಂಟೆ ನೆನೆಸಿ. ರಬ್ಬರು, ಪ್ಲಾಸ್ಟಿಕ್ಕು ಅದರೊಳಗೆ ಬೇಡ. ಕಣ್ಣಿಗೆ ಕನ್ನಡಕ ಇರಲಿ. ತೂತು ಬಿಡಿಸಲು ವಿದ್ಯುತ್ ತಂತಿಯ ಒಂದು ತಾಮ್ರದ ಎಳೆ ಸಾಕು. ಉಕ್ಕಿನ ತಂತಿ, ಸೂಜಿ, ಡ್ರಿಲ್ ಬಿಟ್ ಹಾಕಿದರೆ ಹಿತ್ತಾಳೆ ಕೊರೆದು ತೂತು ದೊಡ್ಡದಾಗುತ್ತದೆ, ಆಮೇಲೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್. ಕಾರ್ಬೋರೇಟರ್ ಮೈಯೊಳಗಿನ ದಾರಿಗಳಿಗೂ ಕ್ಲೀನರ್ ಚಿಮ್ಮಿಸಿ, ಅದು ಥ್ರಾಟಲ್ ಬಾಗಿಲ ಹತ್ತಿರದ ಪುಟ್ಟ ತೂತುಗಳಿಂದ ಹೊರಬರಬೇಕು. ಬಾರದಿದ್ದರೆ ಇನ್ನೂ ಕಟ್ಟಿಕೊಂಡೇ ಇದೆ, ಮತ್ತೆ ಜೋಡಿಸಿ ಪ್ರಯೋಜನವಿಲ್ಲ.

ಕಾರ್ಬೋರೇಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯ, ಅಂದರೆ ಮ್ಯಾನಿಫೋಲ್ಡ್ ಕಡೆಯ ಪ್ಯಾಕಿಂಗ್ ಹೊಸದೇ ಹಾಕಿ. ಹಳೆಯದಕ್ಕೇ ಅಂಟು ಬಳಿದು ಹಾಕಬೇಡಿ. ಸ್ಟಾರ್ಟ್ ಆದ ಮೇಲೆ ಆ ಸಂದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ, ಓಟ ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ. ಇದಕ್ಕೆ ಪೆಟ್ರೋಲೋ ಕ್ಲೀನರೋ ಹೊಡೆಯುವ ಅಭ್ಯಾಸ ಬಿಡಿ, ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ. ಫಿಲ್ಟರಿನ ಬಾಣದ ಗುರುತು ಕಾರ್ಬೋರೇಟರ್ ಕಡೆಗಿರಲಿ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಗ್ಗುವ ಗಾಡಿಯ ಟ್ಯಾಂಕ್ ಮುಚ್ಚಳ ಸಡಿಲಿಸಿ ನೋಡಿ. ಸರಿಹೋದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಗುಂಡಿ ದಾಟುವಾಗ ಮಾತ್ರ ತಡವರಿಸಿದರೆ ಸೀಟಿನ ಕೆಳಗಿನ ಸ್ವಿಚ್.

ಈಗಾಗಲೇ ಯಾರೋ ಸ್ಪ್ರಿಂಗ್ ಬಗ್ಗಿಸಿಟ್ಟಿದ್ದರೆ ಕಿವಿ ನಂಬಿ ಓಡಿಸಬೇಡಿ. ಪ್ಲಗ್ ತಂತಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ (ಇಂಜಿನ್ ಸುತ್ತು ಎಣಿಸುವ ಮೀಟರ್) ಇಟ್ಟು ಅಳೆಯಿರಿ. ಈ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಸುತ್ತಿಗೂ ಕಿಡಿ ಬರುತ್ತದೆ, ಆದ್ದರಿಂದ ಮೀಟರನ್ನು ಒಂದು ಸುತ್ತಿಗೆ ಒಂದು ಕಿಡಿ ಎಂದು ಹೊಂದಿಸಿ. ಎರಡು ಸುತ್ತಿಗೆ ಒಂದು ಎಂದಿಟ್ಟರೆ ಎರಡರಷ್ಟು ತೋರಿಸಿ ಗಾಬರಿ ಹುಟ್ಟಿಸುತ್ತದೆ. ಕೈಪಿಡಿಯ ಅಂಕಿ ದಾಟಿದರೆ ತಕ್ಷಣ ನಿಲ್ಲಿಸಿ, ಸ್ಪ್ರಿಂಗ್ ಹೊಸದು ತಂದು ಅದರ ತೂತಿಗೇ ಹಾಕಿ. ಗವರ್ನರ್ ತೋಳಿನ ನಟ್ ಸಡಿಲಿಸಿದ್ದರೆ ಇಂಜಿನ್ ನಿಲ್ಲಿಸಿಯೇ ಥ್ರಾಟಲ್ ಪೂರ್ತಿ ತೆರೆದು ಹಿಡಿಯಿರಿ, ಆ ತೆರೆಯುವಾಗ ತೋಳು ತಿರುಗಿದ ಕಡೆಗೇ, ಆ ತೋಳು ಕೂತಿರುವ ಗವರ್ನರ್ ಶಾಫ್ಟನ್ನು ಅದು ತಡೆದು ನಿಲ್ಲುವವರೆಗೆ ತಿರುಗಿಸಿ, ನಟ್ ಬಿಗಿಮಾಡಿ. ಉಲ್ಟಾ ತಿರುಗಿಸಿದರೆ ಸ್ಟಾರ್ಟ್ ಆದ ಕ್ಷಣದಲ್ಲೇ ಇಂಜಿನ್ ಕೈಮೀರುತ್ತದೆ.

ಮುಂದಿನ ಜೂನ್‌ಗೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಕೊನೆಯ ಹನಿಯನ್ನೂ ಇಳಿಸಿ. ತಾಡಪತ್ರಿಯನ್ನು ನೆಲದವರೆಗೆ ಎಳೆದು ಕಟ್ಟಬೇಡಿ. ಅದರೊಳಗೆ ಬೆವರುವುದು ಹೊರಗಿನ ಮಳೆಗಿಂತ ಹೆಚ್ಚು.